ಕಾಲು ನೀಡಿದರೆ ನೋವು, ಮಡಚಿದರೆ ಆರಾಮ: ಹೌಶಿಪ್-ರಾಂಬರ್ಗ್ ಚಿಹ್ನೆಯನ್ನು ಗುರುತಿಸುವುದು ಹೇಗೆ?

"ಮಡಚಿಕೊಂಡ್ರೆ ಏನೂ ಇಲ್ಲ ಕಣೇ. ನೀಡಿದ್ರೆ ಜೀವ ಹೋಗತ್ತೆ."

ನಮ್ಮ ದೊಡ್ಡಮ್ಮ ಹೀಗೆ ಹೇಳಿದಾಗ ನಾನು ಅವರ ಮಂಚದ ಪಕ್ಕದಲ್ಲೇ ನಿಂತಿದ್ದೆ. ಅವರಿಗೆ ಆಗ 81 ವರ್ಷ. ತೂಕ 38 ಕೆಜಿ. ಬಲಗಾಲು ಮಡಚಿ, ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದ್ದರು. ನೋವು ಎಲ್ಲಿ ಅಂತ ಕೇಳಿದ್ದಕ್ಕೆ ತೊಡೆಸಂದಿನ ಕೆಳಗಿನಿಂದ ಮಂಡಿಯ ಒಳಬದಿಯವರೆಗೆ ಅಂಗೈಯಲ್ಲಿ ಸವರಿ ತೋರಿಸಿದರು.

ನನ್ನ ಕೆಲಸ ಫಿಸಿಯೋಥೆರಪಿ. ವಯಸ್ಸಾದವರ ಮಂಡಿನೋವು ನಾನು ದಿನಾ ನೋಡುವ ವಿಷಯ. ಎಕ್ಸ್‌ರೇಯಲ್ಲಿ ಮಂಡಿ ಸವೆದಿರುವುದು ಕಾಣುತ್ತಿತ್ತು. 81ರಲ್ಲಿ ಯಾರ ಮಂಡಿ ಸವೆದಿರುವುದಿಲ್ಲ ಹೇಳಿ? ಅಷ್ಟು ಸಾಕಾಯಿತು ನನಗೆ. ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಕಾಲನ್ನು ಹಾಸಿಗೆಗೆ ಒತ್ತಿ ನೇರ ಮಾಡುವುದು, ಆಮೇಲೆ ಪಕ್ಕಕ್ಕೆ ಸರಿಸುವುದು, ಹೀಗೆ ಎರಡು ವ್ಯಾಯಾಮ ಹೇಳಿಕೊಟ್ಟೆ. ಅವರ ನೋವನ್ನು ಕೆರಳಿಸುವ ಎರಡು ಚಲನೆಗಳನ್ನೇ ಹುಡುಕಿ ಹುಡುಕಿ ಮಾಡಿಸಿದ ಹಾಗಾಯಿತು. ಹತ್ತು ದಿನ ಕಳೆದ ಮೇಲೆ ವಾಂತಿ ಶುರುವಾಯಿತು. ಸಿಟಿ ಸ್ಕ್ಯಾನ್ ಮಾಡಿದಾಗ ಕರುಳಿನ ಒಂದು ತುಣುಕು ಸೊಂಟದ ಮೂಳೆಯ ಕಿಂಡಿಯೊಳಗೆ ಸಿಕ್ಕಿಕೊಂಡಿತ್ತು. ಅದು ಪಕ್ಕದಲ್ಲೇ ಹಾಯುವ ನರವನ್ನು ಒತ್ತುತ್ತಿತ್ತು. ಮಂಡಿಗೂ ಆ ನೋವಿಗೂ ಸಂಬಂಧವೇ ಇರಲಿಲ್ಲ.

ಈ ನೋವಿಗೆ ವೈದ್ಯರು ಹೌಶಿಪ್-ರಾಂಬರ್ಗ್ ಚಿಹ್ನೆ ಅನ್ನುತ್ತಾರೆ. ಆಬ್ಟುರೇಟರ್ ಹರ್ನಿಯಾ ಎಂಬ ಅಪರೂಪದ ಹರ್ನಿಯಾ ಹೊರಗೆ ತೋರಿಸಿಕೊಳ್ಳುವ ಕೆಲವೇ ಸುಳಿವುಗಳಲ್ಲಿ ಇದೂ ಒಂದು. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು, ನರ್ಸ್‌ಗಳು, ನನ್ನಂಥ ಫಿಸಿಯೋಗಳು ಇದನ್ನು ಹೇಗೆ ಗುರುತಿಸಬಹುದು, ಗುರುತಿಸಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಇದೊಂದು ಅರ್ಥವಾದರೆ ಉಳಿದದ್ದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮ ಸೊಂಟದ ಮೂಳೆಯಲ್ಲಿ, ಎಡಕ್ಕೊಂದು ಬಲಕ್ಕೊಂದು, ದೊಡ್ಡ ತೂತುಗಳಿವೆ. ಅಸ್ಥಿಪಂಜರದ ಚಿತ್ರದಲ್ಲಿ ಕೆಳಗಡೆ ಎರಡು ಕಣ್ಣುಗಳ ಹಾಗೆ ಕಾಣುತ್ತವಲ್ಲ, ಅವೇ. ಜೀವ ಇರುವ ದೇಹದಲ್ಲಿ ಅವು ತೆರೆದಿರುವುದಿಲ್ಲ. ಗಟ್ಟಿಯಾದ ಪೊರೆಯೊಂದು ಅವನ್ನು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿರುತ್ತದೆ. ಮೇಲಿನ ಅಂಚಿನಲ್ಲಿ ಮಾತ್ರ ಒಂದು ಕಿಂಡಿ ಉಳಿದಿರುತ್ತದೆ. ಸುಮಾರು 2ರಿಂದ 3 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ. ಕಿರುಬೆರಳಿನ ತುದಿ ತೂರುವಷ್ಟು ಅಂದುಕೊಳ್ಳಿ. ಇದೇ ಆಬ್ಟುರೇಟರ್ ಕಾಲುವೆ. ಹೊಟ್ಟೆಯ ಕಡೆಯಿಂದ ತೊಡೆಯ ಕಡೆಗೆ ಒಂದು ನರ, ಒಂದು ಅಪಧಮನಿ, ಒಂದು ಅಭಿಧಮನಿ ಇದರ ಮೂಲಕವೇ ಹೋಗುತ್ತವೆ. ಉಳಿದ ಜಾಗವನ್ನು ಕೊಬ್ಬಿನ ಒಂದು ಸಣ್ಣ ಗಡ್ಡೆ ತುಂಬಿಕೊಂಡಿರುತ್ತದೆ. ಬಾಟಲಿಗೆ ಬಿರಡೆ ಹಾಕಿದ ಹಾಗೆ.

ವಯಸ್ಸಾಗಿ ಮೈ ಇಳಿದಾಗ ಆ ಕೊಬ್ಬೂ ಕರಗುತ್ತದೆ. ಬಿರಡೆ ಸಡಿಲವಾಯಿತು. ಮೇಲಿನಿಂದ ಕೆಮ್ಮು, ಮಲಬದ್ಧತೆಯ ಮುಕ್ಕರಿಕೆ ಒತ್ತುತ್ತಲೇ ಇರುತ್ತವೆ. ಒಂದು ದಿನ ಹೊಟ್ಟೆಯ ಒಳಪೊರೆ ಆ ಕಿಂಡಿಯೊಳಗೆ ಜಗ್ಗುತ್ತದೆ. ಅದರ ಹಿಂದೆಯೇ ಸಣ್ಣ ಕರುಳಿನ ಒಂದು ಸುರುಳಿ ಜಾರುತ್ತದೆ. ಒಂದು ಸೆಂಟಿಮೀಟರ್ ಅಗಲದ ಜಾಗದಲ್ಲಿ ಕರುಳೂ ನರವೂ ಒಟ್ಟಿಗೆ ಇರಬೇಕು ಅಂದರೆ ನರ ಹಿಂಡಿಹೋಗಲೇಬೇಕು.

ಆ ನರ ಎಲ್ಲಿಗೆ ಹೋಗುತ್ತದೆ ನೋಡಿ. ಆಬ್ಟುರೇಟರ್ ನರ ಸೊಂಟದ ಬೆನ್ನುಮೂಳೆಯ 2, 3 ಮತ್ತು 4ನೇ ಮಟ್ಟದಿಂದ ಹೊರಡುತ್ತದೆ. ತೊಡೆಗಳನ್ನು ಹತ್ತಿರ ತರುವ ಸ್ನಾಯುಗಳನ್ನು ನಡೆಸುವುದು ಇದೇ. ತೊಡೆಯ ಒಳಬದಿಯ ಚರ್ಮಕ್ಕೂ ಇದರ ಒಂದು ಕವಲು ಹೋಗುತ್ತದೆ. ಇನ್ನೊಂದು ಎಳೆ ಮಂಡಿಯ ಕೀಲಿನವರೆಗೂ ಇಳಿಯುತ್ತದೆ. ಆದ್ದರಿಂದಲೇ ಒತ್ತುತ್ತಿರುವುದು ಸೊಂಟದ ಆಳದಲ್ಲಾದರೂ ರೋಗಿ ಕೈ ಇಡುವುದು ತೊಡೆಯ ಮೇಲೆ, ಮಂಡಿಯ ಮೇಲೆ.

ಇನ್ನು ಕಾಲು ನೀಡಿದಾಗ ನೋವು ಯಾಕೆ ಏರುತ್ತದೆ? ಕಾಲನ್ನು ಹಿಂದಕ್ಕೆ ಚಾಚಿ, ಹೊರಗೆ ಸರಿಸಿ, ಒಳಮುಖವಾಗಿ ತಿರುಗಿಸಿದಾಗ ಕಾಲುವೆಯ ಬಾಯಲ್ಲಿರುವ ಸ್ನಾಯುಗಳು ಬಿಗಿಯುತ್ತವೆ. ಮೊದಲೇ ಇಕ್ಕಟ್ಟು, ಈಗ ಇನ್ನಷ್ಟು ಇಕ್ಕಟ್ಟು. ಸೊಂಟದಲ್ಲಿ ಕಾಲು ಮಡಚಿದರೆ ಅದೇ ಸ್ನಾಯುಗಳು ಸಡಿಲವಾಗಿ ನರಕ್ಕೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ದೊಡ್ಡಮ್ಮ ಒಂದೇ ವಾಕ್ಯದಲ್ಲಿ ಹೇಳಿದ್ದು ಇದನ್ನೇ. ಕೇಳಿಸಿಕೊಂಡ ನನಗೆ ತಲೆಗೆ ಹೋಗಲಿಲ್ಲ ಅಷ್ಟೇ.

ಹೆಸರಿನ ಕಥೆ ಚಿಕ್ಕದಾಗಿ: ಜಾನ್ ಹೌಶಿಪ್ ಬ್ರಿಟನ್ನಿನ ಸರ್ಜನ್, ಇದನ್ನು ವಿವರಿಸಿದ್ದು 1840ರಲ್ಲಿ. ಮೋರಿಟ್ಸ್ ರಾಂಬರ್ಗ್ ಬರ್ಲಿನ್ನಿನ ನರರೋಗ ವೈದ್ಯ, ಅವರು ಬರೆದದ್ದು 1848ರಲ್ಲಿ. ಕಣ್ಣು ಮುಚ್ಚಿ ನಿಲ್ಲಿಸಿ ದೇಹ ಓಲಾಡುತ್ತದಾ ಅಂತ ನೋಡುವ ಪರೀಕ್ಷೆ ಇದೆಯಲ್ಲ, ಅದರಲ್ಲಿರುವ ರಾಂಬರ್ಗ್ ಕೂಡ ಇವರೇ. ಹಾಗಾಗಿ ಸುಮ್ನೆ "ರಾಂಬರ್ಗ್ ಚಿಹ್ನೆ" ಅಂದುಬಿಟ್ಟರೆ ಕೇಳಿದವರು ಬ್ಯಾಲೆನ್ಸ್ ಪರೀಕ್ಷೆ ಅಂದುಕೊಳ್ಳುತ್ತಾರೆ. ಎರಡೂ ಹೆಸರು ಸೇರಿಸಿ ಹೇಳಿ.

ಹೆಜ್ಜೆ 2: ಯಾರ ವಿಷಯದಲ್ಲಿ ಎಚ್ಚರ ಬೇಕು?

ಎಲ್ಲ ಹರ್ನಿಯಾಗಳನ್ನು ಲೆಕ್ಕ ಹಾಕಿದರೆ ಆಬ್ಟುರೇಟರ್ ಹರ್ನಿಯಾ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ತೊಡೆ ನೋವು ಅಂದ ಪ್ರತಿಯೊಬ್ಬರನ್ನೂ ಇದೇ ಕಣ್ಣಿನಿಂದ ನೋಡುತ್ತ ಕೂತರೆ ಹುಚ್ಚು ಹಿಡಿಯುತ್ತದೆ. ಆದರೆ ಇದು ಯಾರನ್ನು ಹಿಡಿಯುತ್ತದೆ ಅನ್ನುವುದು ಸಾಕಷ್ಟು ಸ್ಪಷ್ಟ: 70 ದಾಟಿದ, ತೆಳ್ಳಗಿನ ಹೆಂಗಸರು. ಇಂಗ್ಲಿಷ್ ಬಲ್ಲ ವೈದ್ಯರು ತಮ್ಮತಮ್ಮಲ್ಲೇ ಇದನ್ನು "ಪುಟ್ಟ ಅಜ್ಜಿಯ ಹರ್ನಿಯಾ" ಅಂತ ಕರೆಯುವುದೂ ಉಂಟು. ಹೆಂಗಸರ ಸೊಂಟ ಅಗಲ, ಆ ಕಾಲುವೆಯೂ ಗಂಡಸರಿಗಿಂತ ದೊಡ್ಡದು. ಹಲವು ಹೆರಿಗೆಗಳಾಗಿದ್ದರೆ ಸೊಂಟದ ತಳ ಇನ್ನಷ್ಟು ಸಡಿಲವಾಗಿರುತ್ತದೆ.

ಇದರ ಜೊತೆಗೆ ಇನ್ನೂ ಕೆಲವನ್ನು ಗಮನಿಸಿ. ವರ್ಷಗಟ್ಟಲೆ ಕೆಮ್ಮು ಅಥವಾ ಉಬ್ಬಸ. ಹಳೆಯ ಮಲಬದ್ಧತೆ. ಗೂನು ಬೆನ್ನು. ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ. ಇತ್ತೀಚೆಗೆ ಯಾವುದೋ ಕಾಯಿಲೆಯಲ್ಲಿ ಒಮ್ಮೆಲೇ ತೂಕ ಇಳಿದಿದ್ದರೆ ಅದು ಇವೆಲ್ಲಕ್ಕಿಂತ ಮುಖ್ಯ ಅಂತ ನನ್ನ ಅನಿಸಿಕೆ. ಬಿರಡೆ ಕರಗುವುದು ಆಗಲೇ ಅಲ್ವಾ?

ಬಲಗಡೆ ಜಾಸ್ತಿ. ಎಡಗಡೆಯ ಕಿಂಡಿಯನ್ನು ದೊಡ್ಡ ಕರುಳಿನ ಕೊನೆಯ ಭಾಗ ಮರೆಮಾಡಿಕೊಂಡಿರುವುದು ಅದಕ್ಕೆ ಕಾರಣ ಅನ್ನುತ್ತಾರೆ. ಹಾಗಂತ ಎಡಗಡೆ ಬರುವುದೇ ಇಲ್ಲ ಅಂತಲ್ಲ. ಗಂಡಸರಲ್ಲೂ ಆಗಬಹುದು, ಅಪರೂಪ.

ಹೆಜ್ಜೆ 3: ನೋವಿನ ಜಾಡು ಹಿಡಿದು ಕೇಳಿ

"ಕಾಲು ನೋವಾ?" ಅಂತ ಕೇಳಿದರೆ "ಹೌದು" ಅಂತ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. "ಎಲ್ಲಿಂದ ಎಲ್ಲಿಯವರೆಗೆ ಅಂತ ಬೆರಳಲ್ಲಿ ಎಳೆದು ತೋರಿಸಿ" ಅನ್ನಿ. ಬೆರಳು ತೊಡೆಸಂದಿನ ಒಳಬದಿಯಿಂದ ಹೊರಟು ತೊಡೆಯ ಒಳಗೋಡೆಯ ಮೇಲೆ ಇಳಿದು ಮಂಡಿಯ ಹತ್ತಿರ ನಿಂತರೆ ಅದು ಆಬ್ಟುರೇಟರ್ ನರದ ದಾರಿ.

ಯಾವ ಥರದ ನೋವು ಅಂತಲೂ ಕೇಳಿ. ನರದ ನೋವನ್ನು ಜನ ಸೆಳೆತ, ಚುಚ್ಚಿದ ಹಾಗೆ, ಉರಿ, ಕರೆಂಟ್ ಹೊಡೆದ ಹಾಗೆ ಅನ್ನುತ್ತಾರೆ. ಕೆಲವರಿಗೆ ನೋವಿಗಿಂತ ಜೋಮು ಹಿಡಿದ ಹಾಗೆ, ಚರ್ಮ ಮರಗಟ್ಟಿದ ಹಾಗೆ ಅನ್ನಿಸುವುದೇ ಮುಂದು. ಸ್ನಾನ ಮಾಡಿಸುವಾಗ ಎರಡೂ ತೊಡೆಗಳ ಒಳಬದಿಯನ್ನು ಮೆತ್ತಗೆ ಮುಟ್ಟಿ ಎರಡೂ ಕಡೆ ಒಂದೇ ಥರ ತಿಳಿಯುತ್ತದಾ ಅಂತ ಕೇಳಬಹುದು.

ಆಮೇಲೆ ಕೇಳಬೇಕಾದದ್ದು ಬಹಳ ಮುಖ್ಯ: ಇದು ಬಂದು ಬಂದು ಹೋಗುತ್ತದಾ? ಕರುಳು ಕಿಂಡಿಯೊಳಗೆ ಜಾರಿ, ತಾನಾಗಿಯೇ ಹಿಂದಕ್ಕೆ ಹೋಗುವುದುಂಟು. ಆಗ ನೋವು ಒಂದೆರಡು ಗಂಟೆ ಅಥವಾ ಒಂದೆರಡು ದಿನ ಇದ್ದು, ಯಾವ ಮದ್ದೂ ಇಲ್ಲದೆ ಮಾಯವಾಗುತ್ತದೆ. ದೊಡ್ಡಮ್ಮನಿಗೆ ಎರಡು ತಿಂಗಳಲ್ಲಿ ಮೂರು ಸಲ ಹೀಗಾಗಿತ್ತು. ಪ್ರತಿ ಸಲವೂ ಯಾವುದೋ ಎಣ್ಣೆ, ಯಾವುದೋ ಮುಲಾಮು ಕೆಲಸ ಮಾಡಿತು ಅಂತ ನಾವೆಲ್ಲ ನಂಬಿದ್ದೆವು. ಸವೆದ ಮಂಡಿ ಹೀಗೆ ಸ್ವಿಚ್ ಹಾಕಿ ತೆಗೆದ ಹಾಗೆ ನೋಯುವುದಿಲ್ಲ.

ಹೆಜ್ಜೆ 4: ಕಾಲನ್ನು ನೋಡಿ, ಆದರೆ ಎಳೆಯಬೇಡಿ

ಮೊದಲು ಏನನ್ನೂ ಮುಟ್ಟದೆ ಅವರು ಹೇಗೆ ಮಲಗಿದ್ದಾರೆ ಅಂತ ನೋಡಿ. ಒಂದು ಕಾಲು ಮಡಚಿಕೊಂಡೇ ಇದ್ದಾರಾ? ಮಗ್ಗುಲು ಬದಲಿಸಿದರೂ ಆ ಕಾಲು ಮಾತ್ರ ಮಡಚಿಯೇ ಇರುತ್ತದಾ? ನಿಂತಾಗ ಸೊಂಟ ಪೂರ್ತಿ ನೇರ ಮಾಡದೆ ಮುಂದಕ್ಕೆ ಬಾಗಿ ನಿಲ್ಲುತ್ತಾರಾ? ನಡೆಯುವಾಗ ಆ ಕಾಲನ್ನು ಹಿಂದೆ ಬಿಡಲು ಹಿಂಜರಿದು ಗಿಡ್ಡ ಹೆಜ್ಜೆ ಇಡುತ್ತಾರಾ? ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ವೈದ್ಯರು ಅಥವಾ ತರಬೇತಿ ಇರುವವರು ಮಾಡುವ ಪರೀಕ್ಷೆ ಹೀಗಿರುತ್ತದೆ. ರೋಗಿಯನ್ನು ಅಂಗಾತ ಮಲಗಿಸುತ್ತಾರೆ. ನೋವಿರುವ ಕಾಲನ್ನು ಮೊದಲು ಮಂಡಿ ಮತ್ತು ಸೊಂಟದಲ್ಲಿ ಮಡಚಿ ಆರಾಮಾಗುತ್ತದಾ ಅಂತ ಕೇಳುತ್ತಾರೆ. ಆಮೇಲೆ ನಿಧಾನಕ್ಕೆ ಕಾಲು ನೀಡಿ, ಹೊರಗೆ ಸರಿಸಿ, ಪಾದದ ಹೆಬ್ಬೆರಳು ಇನ್ನೊಂದು ಕಾಲಿನ ಕಡೆ ನೋಡುವ ಹಾಗೆ ಇಡೀ ಕಾಲನ್ನು ಒಳಕ್ಕೆ ತಿರುಗಿಸುತ್ತಾರೆ. ತೊಡೆಯ ಒಳಬದಿಯಲ್ಲಿ ಅದೇ ಹಳೆಯ ಸೆಳೆತ ಮಂಡಿಯವರೆಗೆ ಹರಿದರೆ ಚಿಹ್ನೆ ಇದೆ ಅಂತ ಅರ್ಥ. ಮತ್ತೆ ಮಡಚಿದಾಗ ಅದು ಇಳಿಯಬೇಕು. ಏರುವುದು, ಇಳಿಯುವುದು ಎರಡೂ ಇದ್ದಾಗ ಅನುಮಾನ ಗಟ್ಟಿಯಾಗುತ್ತದೆ. ಇನ್ನೊಂದು ಕಾಲಿಗೂ ಹಾಗೆಯೇ ಮಾಡಿ ಹೋಲಿಸಿ ನೋಡುತ್ತಾರೆ.

ಮನೆಯವರು ಇದನ್ನು ಮಾಡಬೇಕಾಗಿಲ್ಲ. ಅವರಿಗೇ "ನಿಮ್ಮಷ್ಟಕ್ಕೆ ನೀವೇ ಎಷ್ಟಾಗುತ್ತದೋ ಅಷ್ಟು ಕಾಲು ನೀಡಿ" ಅನ್ನಿ. ಮುಖ ನೋಡಿ. ಸಾಕು. ವಯಸ್ಸಾದವರ ಮೂಳೆ ತೆಳುವಾಗಿರುತ್ತದೆ, ಬಿದ್ದು ಮೂಳೆ ಬಿರುಕು ಬಿಟ್ಟಿದ್ದರೂ ಇಂಥದೇ ನೋವು ಇರಬಹುದು. ಎಳೆದಾಡಿದರೆ ಇಲ್ಲದ ತೊಂದರೆ ತಂದುಕೊಂಡಂತೆ.

ಕೆಮ್ಮಿದಾಗ ನೋವು ಏರುತ್ತದಾ ಅಂತಲೂ ಕೇಳಿ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಕರುಳು ಕಿಂಡಿಯೊಳಗೆ ಇನ್ನಷ್ಟು ತಳ್ಳಿಕೊಳ್ಳುತ್ತದೆ.

ಗೊಂದಲ ಆಗುವ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಪೆಂಡಿಕ್ಸ್ ನೋಡುವಾಗ ಮಾಡುವ "ಆಬ್ಟುರೇಟರ್ ಚಿಹ್ನೆ" ಬೇರೆ. ಅದರಲ್ಲಿ ಕಾಲನ್ನು ಮಡಚಿಟ್ಟುಕೊಂಡೇ ಒಳಕ್ಕೆ ತಿರುಗಿಸುತ್ತಾರೆ, ನೋವು ಬರುವುದು ಕೆಳಹೊಟ್ಟೆಯಲ್ಲಿ. ಅಲ್ಲಿ ಕೆರಳುವುದು ಸ್ನಾಯು, ಇಲ್ಲಿ ನರ. ಹೆಸರು ಒಂದೇ ಥರ ಇರುವುದರಿಂದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಬರೆಯುವುದು ಮಾಮೂಲು.

ಹೆಜ್ಜೆ 5: ಇನ್ನೊಂದು ಸುಳಿವು, ಸುತ್ತಿಗೆಯ ಏಟು

ಇದು ವೈದ್ಯರಿಗೆ ಮತ್ತು ಫಿಸಿಯೋಗಳಿಗೆ. ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುತ್ತದೆ, ಗೊತ್ತಿರುವುದೇ. ತೊಡೆಯ ಒಳಬದಿಯ ಸ್ನಾಯುವಿಗೂ ಅಂಥದೊಂದು ಪ್ರತಿಕ್ರಿಯೆ ಇದೆ. ಮಂಡಿಯಿಂದ ಸುಮಾರು 5 ಸೆಂಟಿಮೀಟರ್ ಮೇಲೆ, ಒಳಬದಿಯ ಸ್ನಾಯುವಿನ ಮೇಲೆ ತೋರುಬೆರಳನ್ನು ಅಡ್ಡ ಇಟ್ಟು, ಬೆರಳಿನ ಮೇಲೆ ಸುತ್ತಿಗೆಯಿಂದ ತಟ್ಟಬೇಕು. ಸ್ನಾಯು ಬಿಗಿಯುವುದು ಬೆರಳಿಗೆ ತಿಳಿಯುತ್ತದೆ.

ಮಂಡಿಯ ಪ್ರತಿಕ್ರಿಯೆ ಸರಿಯಾಗಿದ್ದು, ಒಳತೊಡೆಯದ್ದು ಮಾತ್ರ ಆ ಕಡೆ ಇಲ್ಲದಿದ್ದರೆ ಅದಕ್ಕೆ ಹ್ಯಾನಿಂಗ್ಟನ್-ಕಿಫ್ ಚಿಹ್ನೆ ಅಂತ ಹೆಸರು. 1980ರಲ್ಲಿ ವಿವರಿಸಿದ್ದು. ಮಂಡಿಯ ಪ್ರತಿಕ್ರಿಯೆಯನ್ನು ನಡೆಸುವ ನರವೂ ಬೆನ್ನಿನ ಅದೇ ಮಟ್ಟದಿಂದ ಬರುತ್ತದೆ. ಹಾಗಾಗಿ ಅದು ಸರಿ ಇದ್ದು ಇದೊಂದೇ ಕೆಟ್ಟಿದ್ದರೆ ತೊಂದರೆ ಬೆನ್ನಿನಲ್ಲಿಲ್ಲ, ದಾರಿಯಲ್ಲಿದೆ ಅಂತ ಊಹಿಸಬಹುದು. ಹೌಶಿಪ್-ರಾಂಬರ್ಗ್‌ಗಿಂತ ಇದು ಹೆಚ್ಚು ಖಚಿತ ಅನ್ನುತ್ತಾರೆ. ಆದರೆ ಸತ್ಯ ಹೇಳಬೇಕೆಂದರೆ ಇದನ್ನು ನೋಡುವವರು ಕಡಿಮೆ. ದೊಡ್ಡಮ್ಮನಿಗೆ ನಾನು ಮಂಡಿಯ ಕೆಳಗೆ ತಟ್ಟಿ ನೋಡಿದ್ದೆ, ಸರಿಯಾಗಿತ್ತು. ಹತ್ತು ಸೆಂಟಿಮೀಟರ್ ಮೇಲೆ ಹೋಗಿ ಇನ್ನೊಂದು ಏಟು ಹಾಕಲಿಲ್ಲ.

ಹೆಜ್ಜೆ 6: ಹೊಟ್ಟೆಯ ಬಗ್ಗೆ ಕೇಳಿ. ಕೇಳಲೇಬೇಕು

ಈ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆಬ್ಟುರೇಟರ್ ಹರ್ನಿಯಾ ಇರುವ ಬಹುಪಾಲು ಜನ ಆಸ್ಪತ್ರೆಗೆ ಬರುವುದು ಕರುಳು ಕಟ್ಟಿಕೊಂಡ ಮೇಲೆ. ಹೊಟ್ಟೆ ಹಿಂಡಿ ಹಿಂಡಿ ನೋಯುವುದು, ಉಬ್ಬರ, ವಾಂತಿ, ಗ್ಯಾಸ್ ಮತ್ತು ಮಲ ಹೋಗದಿರುವುದು. ಕಾಲು ನೋವಿನ ಮಾತು ಅಷ್ಟು ಹೊತ್ತಿಗೆ ಎಲ್ಲರಿಗೂ ಮರೆತುಹೋಗಿರುತ್ತದೆ. ಅಥವಾ ಕಾಲಿಗೊಬ್ಬ ಡಾಕ್ಟರು, ಹೊಟ್ಟೆಗೊಬ್ಬ ಡಾಕ್ಟರು ಅಂತ ಆಗಿರುತ್ತದೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ.

ಆದ್ದರಿಂದ ತೆಳ್ಳಗಿನ ವೃದ್ಧೆಗೆ ಒಳತೊಡೆ ನೋವು ಬಂದಾಗ ಊಟ ಸೇರುತ್ತಿದೆಯಾ, ಹೊಟ್ಟೆ ತೊಳಸುತ್ತಿದೆಯಾ, ಕೊನೆಯ ಸಲ ಗ್ಯಾಸ್ ಹೋದದ್ದು ಯಾವಾಗ ಅಂತ ಕೇಳಿ. ವಾಂತಿ ಆದಾಗ ಕಾಲು ಹೇಗಿದೆ ಅಂತ ಕೇಳಿ. ಇವೆರಡೂ ಒಂದೇ ದಿನ ಬಂದು ಒಂದೇ ದಿನ ಹೋಗಿದ್ದರೆ ಅದು ಕಾಕತಾಳೀಯ ಇರಲಿಕ್ಕಿಲ್ಲ.

ಇಲ್ಲೊಂದು ಮೋಸ ಇದೆ. ಕಿಂಡಿ ಚಿಕ್ಕದಾದ್ದರಿಂದ ಎಷ್ಟೋ ಸಲ ಕರುಳಿನ ಪೂರ್ತಿ ಸುರುಳಿ ಸಿಕ್ಕಿಕೊಳ್ಳುವುದಿಲ್ಲ, ಗೋಡೆಯ ಒಂದು ಬದಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಒಂದು ಮಡಿಕೆಯನ್ನು ಚಿವುಟಿ ಹಿಡಿದ ಹಾಗೆ. ಆಗ ದಾರಿ ಪೂರ್ತಿ ಮುಚ್ಚದೆ ಸ್ವಲ್ಪ ಗ್ಯಾಸ್, ಸ್ವಲ್ಪ ಮಲ ಹೋಗುತ್ತಲೇ ಇರುತ್ತದೆ. "ಹೊಟ್ಟೆ ಹೋಗಿದೆಯಲ್ಲ, ಹಾಗಾದ್ರೆ ಏನೂ ಇಲ್ಲ" ಅಂತ ಎಲ್ಲರೂ ನಿರಾಳ. ಅಷ್ಟರಲ್ಲಿ ಸಿಕ್ಕಿಕೊಂಡ ತುಣುಕಿಗೆ ರಕ್ತ ನಿಂತು ಅದು ಕೊಳೆಯಲು ಶುರುವಾಗಿರುತ್ತದೆ.

ಗಡ್ಡೆ ಹುಡುಕಬೇಡಿ, ಸಿಗುವುದಿಲ್ಲ. ಬೇರೆ ಹರ್ನಿಯಾಗಳಲ್ಲಿ ತೊಡೆಸಂದಿನಲ್ಲಿ ಉಬ್ಬು ಕಾಣುತ್ತದೆ. ಇದು ತೊಡೆಯ ಸ್ನಾಯುಗಳ ಹಿಂದೆ ಆಳದಲ್ಲಿ ಅಡಗಿರುತ್ತದೆ. ಕೆಲವರಲ್ಲಿ ಮಾತ್ರ ಒಳತೊಡೆಯ ಮೇಲ್ಭಾಗದಲ್ಲಿ ಸ್ವಲ್ಪ ತುಂಬಿಕೊಂಡ ಹಾಗೆ ಕಾಣಬಹುದು.

ಹೆಜ್ಜೆ 7: ಬೇರೆ ನೋವುಗಳ ಜೊತೆ ಹೋಲಿಸಿ

ಸಯಾಟಿಕಾ ಆದರೆ ನೋವು ಪೃಷ್ಠದಿಂದ ತೊಡೆಯ ಹಿಂಬದಿಯಲ್ಲಿ ಇಳಿದು ಮಂಡಿ ದಾಟಿ ಪಾದದ ಕಡೆ ಹೋಗುತ್ತದೆ. ಹೊರತೊಡೆಯಲ್ಲಿ ಉರಿ, ಜೋಮು ಇದ್ದರೆ ಅದು ಬೇರೆಯೇ ನರ. ಮಂಡಿ ಸವೆತದಲ್ಲಿ ಮೆಟ್ಟಿಲು ಹತ್ತಿ ಇಳಿಯುವಾಗ ನೋವು, ಕೂತು ಏಳುವಾಗ ಬಿಗಿತ, ಕೀಲಿನ ಮೇಲೆ ಒತ್ತಿದರೆ ನೋವು. ಬಿದ್ದ ನಂತರ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಅದಂತೂ ತಡ ಮಾಡುವ ವಿಷಯವೇ ಅಲ್ಲ.

ನಿಜವಾಗಿ ತಬ್ಬಿಬ್ಬು ಮಾಡುವುದು ಸೊಂಟದ ಕೀಲಿನ ಸವೆತ. ಅದೂ ತೊಡೆಸಂದಿನಲ್ಲಿ ನೋಯುತ್ತದೆ, ಮಂಡಿಗೂ ಹರಿಯುತ್ತದೆ, ಕಾಲನ್ನು ಒಳಕ್ಕೆ ತಿರುಗಿಸಿದರೆ ಅದೂ ಕೆರಳುತ್ತದೆ. ಒಂದು ವ್ಯತ್ಯಾಸ ಹೇಳಬಹುದು. ಸವೆದ ಕೀಲನ್ನು ಪೂರ್ತಿ ಮಡಚಿ ತಿರುಗಿಸಿದರೂ ನೋಯುತ್ತದೆ, ತಿಂಗಳುಗಟ್ಟಲೆ ನಿಧಾನಕ್ಕೆ ಬೆಳೆದಿರುತ್ತದೆ. ಹರ್ನಿಯಾದ ನೋವಿಗೆ ಮಡಚಿದರೆ ಬಿಡುಗಡೆ, ಮತ್ತೆ ಅದು ಬಂದು ಹೋಗುವ ಗಿರಾಕಿ. ಇದು ಪಕ್ಕಾ ಗೆರೆಯೇನಲ್ಲ. ಎರಡೂ ಒಬ್ಬರಲ್ಲೇ ಇರಬಹುದು.

ಇನ್ನೊಂದು ಮಾತು: ಹೌಶಿಪ್-ರಾಂಬರ್ಗ್ ಚಿಹ್ನೆ ಈ ಹರ್ನಿಯಾ ಇರುವ ಎಲ್ಲರಲ್ಲೂ ಕಾಣುವುದಿಲ್ಲ. ವರದಿಗಳಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ ನೂರಕ್ಕೆ 15ರಿಂದ 50. ಅಂದರೆ ಚಿಹ್ನೆ ಇಲ್ಲ ಅಂತ ಹರ್ನಿಯಾ ಇಲ್ಲ ಅನ್ನುವ ಹಾಗಿಲ್ಲ. ಹೊಟ್ಟೆಯ ತೊಂದರೆ ಇದ್ದರೆ ಕಾಲು ನೋಯಲಿ ಬಿಡಲಿ, ಆಸ್ಪತ್ರೆಗೆ ಹೋಗಲೇಬೇಕು.

ಹೆಜ್ಜೆ 8: ಮಾಡಬಾರದ ಕೆಲಸಗಳು

ತೊಡೆಗೆ, ಹೊಟ್ಟೆಗೆ ತಿಕ್ಕುವುದು, ನೀವುವುದು ಬೇಡ. ಉಬ್ಬು ಕಂಡರೆ ಒಳಕ್ಕೆ ತಳ್ಳಲು ಹೋಗಬೇಡಿ. ಹೊಟ್ಟೆ ಉಬ್ಬರಿಸಿ ವಾಂತಿ ಆಗುತ್ತಿರುವಾಗ ಭೇದಿ ಮಾತ್ರೆ, ಎನಿಮಾ ಕೊಡಬೇಡಿ. ಮುಂದೆ ದಾರಿ ಕಟ್ಟಿರುವಾಗ ಹಿಂದಿನಿಂದ ನೂಕಿದಂತಾಗುತ್ತದೆ. ಆ ಹೊತ್ತಿನಲ್ಲಿ ಊಟ, ಗಂಜಿ, ಜ್ಯೂಸ್ ಏನೂ ಬೇಡ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇದ್ದಷ್ಟೂ ಒಳ್ಳೆಯದು. ನೋವಿನ ಮಾತ್ರೆ ನುಂಗಿಸಿ "ನಾಳೆ ನೋಡೋಣ" ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಫಿಸಿಯೋ ಹೇಳಿದ ವ್ಯಾಯಾಮ ನೋವನ್ನು ಏರಿಸುತ್ತಿದ್ದರೆ ಅದನ್ನೂ ನಿಲ್ಲಿಸಿ, ಹೇಳಿದ್ದು ನಾನೇ ಆಗಿದ್ದರೂ.

ಹೆಜ್ಜೆ 9: ಯಾವಾಗ ಹೊರಡಬೇಕು, ಹೋಗಿ ಏನು ಹೇಳಬೇಕು?

ಬರೀ ಒಳತೊಡೆ ನೋವು, ಬಂದು ಹೋಗುತ್ತಿದೆ, ಹೊಟ್ಟೆ ಸರಿ ಇದೆ ಅಂದರೆ ಆ ವಾರದಲ್ಲೇ ಒಬ್ಬ ಸರ್ಜನ್ನರನ್ನು ನೋಡಿ. ಜೊತೆಗೆ ವಾಂತಿ, ಹೊಟ್ಟೆ ಹಿಂಡುವುದು, ಉಬ್ಬರ, ಗ್ಯಾಸ್ ಕಟ್ಟಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಅವತ್ತೇ, ಆಗಲೇ ಹೊರಡಿ. ಹಸಿರು ವಾಂತಿ, ಮಲದ ವಾಸನೆಯ ವಾಂತಿ, ಜ್ವರ, ಬಿಡದೆ ಒಂದೇ ಸಮ ನೋಯುವ ಹೊಟ್ಟೆ, ಮಂಕು ಕವಿದ ಹಾಗಿರುವುದು, ಇವು ಕಂಡರೆ ಆಂಬ್ಯುಲೆನ್ಸ್ ಕರೆಯಿರಿ. ಕಾಲನ್ನು ಮಡಚಿಕೊಂಡೇ ಮಲಗಲು ಬಿಡಿ, ಸ್ಟ್ರೆಚರ್ ಮೇಲೆ ನೇರ ಮಾಡಿಸಬೇಡಿ.

ಹೋಗುವಾಗ ಮಾತ್ರೆಗಳ ಚೀಟಿ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಆಮೇಲೆ ಹೇಳಬೇಕಾದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ. ಹೀಗೆ:

"ಇವರಿಗೆ 81 ವರ್ಷ. ಎರಡು ತಿಂಗಳಿಂದ ಬಲ ತೊಡೆಯ ಒಳಗಡೆ ನೋವು ಬಂದು ಹೋಗುತ್ತಿದೆ. ಕಾಲು ನೀಡಿದರೆ ಜಾಸ್ತಿ, ಮಡಚಿದರೆ ಕಡಿಮೆ. ನಿನ್ನೆ ರಾತ್ರಿಯಿಂದ ವಾಂತಿ. ಆಬ್ಟುರೇಟರ್ ಹರ್ನಿಯಾ ಇರಬಹುದಾ ಅಂತ ನೋಡ್ತೀರಾ ಡಾಕ್ಟ್ರೇ?"

ರೋಗದ ಹೆಸರು ನಾವೇ ಹೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೇನೋ ಅಂತ ಹಿಂಜರಿಯಬೇಡಿ. ಒಂದು ಇಡೀ ವೃತ್ತಿಜೀವನದಲ್ಲಿ ಇದನ್ನು ಒಂದೆರಡು ಸಲ ಮಾತ್ರ ನೋಡಿರುವ ವೈದ್ಯರಿದ್ದಾರೆ. ಪ್ರಶ್ನೆಯ ರೂಪದಲ್ಲಿ ಕೇಳಿದರೆ ಯಾರಿಗೂ ಬೇಸರವಿಲ್ಲ. ಕಾಲು ಮತ್ತು ಹೊಟ್ಟೆ ಒಂದೇ ವಾಕ್ಯದಲ್ಲಿ ಬರಬೇಕು, ಅಷ್ಟು ನೋಡಿಕೊಳ್ಳಿ.

ಹೆಜ್ಜೆ 10: ಆಸ್ಪತ್ರೆಯಲ್ಲಿ ಏನಾಗುತ್ತದೆ?

ಹೊಟ್ಟೆಯ ಎಕ್ಸ್‌ರೇಯಲ್ಲಿ ಕರುಳು ಉಬ್ಬಿರುವುದು ಕಾಣುತ್ತದೆ, ಕಾರಣ ಕಾಣುವುದು ಕಷ್ಟ. ಗುದದ್ವಾರ ಅಥವಾ ಯೋನಿಯ ಮೂಲಕ ಬೆರಳಿಟ್ಟು ಪರೀಕ್ಷಿಸಿದಾಗ ಸೊಂಟದ ಪಕ್ಕದ ಗೋಡೆಯಲ್ಲಿ ಮುಟ್ಟಿದರೆ ನೋಯುವ ಗಂಟು ಸಿಗಬಹುದು. ಮುಜುಗರದ ಪರೀಕ್ಷೆ ನಿಜ. ಯಾಕೆ ಮಾಡುತ್ತಾರೆ ಅಂತ ಮೊದಲೇ ಅವರಿಗೆ ಮೆತ್ತಗೆ ಹೇಳಿಟ್ಟರೆ ಗಾಬರಿಯಾಗುವುದಿಲ್ಲ.

ಖಚಿತ ಮಾಡುವುದು ಸಿಟಿ ಸ್ಕ್ಯಾನ್. ತೊಡೆಯ ಮೇಲ್ಭಾಗದಲ್ಲಿ ಎರಡು ಸ್ನಾಯುಗಳ ನಡುವೆ, ಇರಬಾರದ ಜಾಗದಲ್ಲಿ, ಕರುಳಿನ ಒಂದು ಗುಂಡನೆಯ ಚುಕ್ಕೆ ಕಾಣುತ್ತದೆ. ದೊಡ್ಡಮ್ಮನ ಸ್ಕ್ಯಾನ್‌ನಲ್ಲಿ ಅದು ದ್ರಾಕ್ಷಿ ಹಣ್ಣಿನಷ್ಟಿತ್ತು. ಅಷ್ಟಕ್ಕೆ ಇಷ್ಟೆಲ್ಲ. ಒಂದು ವಿಷಯ ಗಮನಿಸಿ: ಸ್ಕ್ಯಾನ್ ಹೊಟ್ಟೆಗೆ ಮಾತ್ರ ನಿಲ್ಲದೆ ತೊಡೆಯ ಮೇಲ್ಭಾಗದವರೆಗೂ ಬರಬೇಕು. ಒಳತೊಡೆ ನೋವಿನ ವಿಷಯ ಮೊದಲೇ ಹೇಳಿರಬೇಕು ಅನ್ನುವುದು ಇದಕ್ಕೂ ಸೇರಿ.

ಮದ್ದಿನಿಂದ ಇದು ವಾಸಿಯಾಗುವುದಿಲ್ಲ, ಆಪರೇಷನ್ನೇ ದಾರಿ. 1724ರಲ್ಲಿ ಫ್ರಾನ್ಸಿನ ಅರ್ನೋ ದ ರೋಂಸಿಲ್ ಈ ಹರ್ನಿಯಾವನ್ನು ಮೊದಲು ವಿವರಿಸಿದರು. ಅದಕ್ಕೆ ಯಶಸ್ವಿಯಾಗಿ ಆಪರೇಷನ್ ಆಗಲು 1851ರವರೆಗೆ, ಹೆನ್ರಿ ಓಬ್ರೆಯವರೆಗೆ ಕಾಯಬೇಕಾಯಿತು. ಈಗ ಸರ್ಜನ್ನರು ಹೊಟ್ಟೆ ತೆರೆದು ಅಥವಾ ಲ್ಯಾಪ್ರೊಸ್ಕೋಪಿಯಲ್ಲಿ ಕರುಳನ್ನು ಮೆಲ್ಲಗೆ ಹೊರಗೆಳೆಯುತ್ತಾರೆ. ಬಣ್ಣ ಗುಲಾಬಿಗೆ ತಿರುಗಿದರೆ ಹಾಗೇ ಬಿಡುತ್ತಾರೆ. ಕಪ್ಪಾಗಿಯೇ ಉಳಿದರೆ ಆ ತುಣುಕು ಕತ್ತರಿಸಿ ಎರಡು ತುದಿ ಜೋಡಿಸುತ್ತಾರೆ. ಆಮೇಲೆ ಕಿಂಡಿಯನ್ನು ಹೊಲಿದು ಅಥವಾ ಜಾಲರಿ ಹಾಕಿ ಮುಚ್ಚುತ್ತಾರೆ. ಕರುಳು ಕೊಳೆಯುವ ಮುಂಚೆ ತಲುಪಿದವರಿಗೂ ಆಮೇಲೆ ತಲುಪಿದವರಿಗೂ ಫಲಿತಾಂಶದಲ್ಲಿ ಭಾರಿ ಅಂತರ ಇದೆ. ಈ ವಯಸ್ಸಿನಲ್ಲಿ ತಡವಾದರೆ ಜೀವಕ್ಕೇ ಅಪಾಯ.

ಆಪರೇಷನ್ ಆದ ಮೇಲೆ

ನರದ ಮೇಲಿನ ಒತ್ತಡ ಹೋದರೆ ತೊಡೆಯ ಸೆಳೆತ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಜೋಮು ಕೆಲವು ದಿನ, ಕೆಲವು ವಾರ ಉಳಿಯಬಹುದು. ಒಳತೊಡೆಯ ಸ್ನಾಯು ಸೋತಿದ್ದರೆ ನಡೆಯುವಾಗ ಕಾಲು ಹೊರಕ್ಕೆ ಹೋಗುತ್ತದೆ, ಆಗ ಆ ಸ್ನಾಯುವಿಗೆ ವ್ಯಾಯಾಮ ಬೇಕು. ಎರಡು ಮಂಡಿಗಳ ನಡುವೆ ಮಡಚಿದ ದಿಂಬು ಇಟ್ಟು ಮೆತ್ತಗೆ ಒತ್ತಿ ಹಿಡಿಯುವುದರಿಂದ ಶುರು ಮಾಡಬಹುದು, ಸರ್ಜನ್ ಸರಿ ಅಂದ ಮೇಲೆ. ಕೆಮ್ಮಿಗೆ, ಮಲಬದ್ಧತೆಗೆ ಮದ್ದು ತಪ್ಪಿಸಬೇಡಿ. ಕಳೆದುಹೋದ ತೂಕ ಮತ್ತೆ ಕೂಡಿಸುವುದೂ ಚಿಕಿತ್ಸೆಯ ಭಾಗವೇ.

ಕೆಲವರಲ್ಲಿ ಇದು ಎರಡೂ ಕಡೆ ಇರುತ್ತದೆ. ಇನ್ನೊಂದು ಕಡೆಯನ್ನೂ ನೋಡಿದಿರಾ ಅಂತ ಸರ್ಜನ್ನರನ್ನು ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ದೊಡ್ಡಮ್ಮನಿಗೆ ಎಡಗಡೆ ಏನೂ ಇರಲಿಲ್ಲ. ಆದರೂ ಈಗಲೂ ಹೋದಾಗಲೆಲ್ಲ ನಾನು ಮೊದಲು ನೋಡುವುದು ಅವರು ಕಾಲು ನೀಡಿ ಮಲಗಿದ್ದಾರಾ ಅಂತ. ಅವರಿಗೂ ಅದು ಗೊತ್ತು. ನಾನು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಎರಡೂ ಕಾಲು ಉದ್ದಕ್ಕೆ ಚಾಚಿ, "ನೋಡ್ಕೋ ಮಹಾರಾಯ್ತಿ" ಅನ್ನುತ್ತಾರೆ.